ವಕ್ರ ಘನಾಕೃತಿಗಳ ಪರಿಚಯ: ಮುಖ, ಅಂಚು, ಶೃಂಗ

ಪ್ರಾಥಮಿಕ ಗಣಿತದಲ್ಲಿ ಘನಾಕೃತಿಗಳ ಪಾಠಕ್ಕೆ ಮಹತ್ತ್ವದ ಸ್ಥಾನವಿದೆ. ಘನವಸ್ತುವಿನ ಹೊರಮೈಯ ಪ್ರತಿಯೊಂದು ಭಾಗವೂ ಮುಖ. ಎರಡು ಮುಖಗಳು ಕೂಡುವ ಗೆರೆ ಅಂಚು. ಅಂಚುಗಳು ಸಂಧಿಸುವ ಮೂಲೆ ಶೃಂಗ. ಇಟ್ಟಿಗೆಗೆ 6 ಮುಖಗಳು, 12 ಅಂಚುಗಳು, 8 ಶೃಂಗಗಳಿರುವುದನ್ನು ಮಕ್ಕಳು ಸುಲಭವಾಗಿ ಎಣಿಸುತ್ತಾರೆ. ಮೈ ದುಂಡಗಿರುವ ವಸ್ತುಗಳಲ್ಲಿ ಮಾತ್ರ ಎಣಿಕೆ ತೊಡಕಾಗುತ್ತದೆ.

ಚೆಂಡು ಗೋಳಾಕೃತಿಯದು. ಅದರ ಮೇಲೆ ಕೈಯಾಡಿಸಿದರೆ ಎಲ್ಲಿಯೂ ತಡೆಯಿಲ್ಲ. ಆದುದರಿಂದ ಅದಕ್ಕೆ ಇರುವುದು ಒಂದೇ ವಕ್ರಮುಖ. ಅಂಚೂ ಇಲ್ಲ, ಶೃಂಗವೂ ಇಲ್ಲ. ಮೋಸಂಬಿಯನ್ನು ನಡುವೆ ಕೊಯ್ದರೆ ದೊರೆಯುವ ಅರ್ಧಗೋಳಕ್ಕೆ ಒಂದು ಸಮತಲ ಮುಖ, ಒಂದು ವಕ್ರಮುಖ, ಒಂದು ವೃತ್ತಾಕಾರದ ಅಂಚು. ದುಂಡನೆಯ ಡಬ್ಬಿ ಸಿಲಿಂಡರ್ ಆಕೃತಿಯದು. ಅದಕ್ಕೆ ಮೇಲೆ ಕೆಳಗೆ ಎರಡು ಸಮತಲ ಮುಖಗಳು, ಸುತ್ತಲೂ ಒಂದು ವಕ್ರಮುಖ, ಎರಡು ಅಂಚುಗಳು, ಶೃಂಗವಿಲ್ಲ. ಶಂಕುವಿಗೆ ಒಂದು ಸಮತಲ ಮುಖ, ಒಂದು ವಕ್ರಮುಖ, ಒಂದು ಅಂಚು, ಒಂದು ಶೃಂಗ. ಶಂಕುವಿನ ತುದಿಯಲ್ಲಿ ಅಂಚುಗಳು ಸಂಧಿಸುವುದಿಲ್ಲವಾದರೂ ಅದನ್ನು ಶೃಂಗವೆಂದು ಕರೆಯುವುದು ರೂಢಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವು ಪುಸ್ತಕಗಳು ಸಮತಲ ಭಾಗವನ್ನು ಮಾತ್ರ ಮುಖವೆಂದು ಎಣಿಸುತ್ತವೆ. ಅವುಗಳ ಪ್ರಕಾರ ಸಿಲಿಂಡರಿಗೆ ಎರಡೇ ಮುಖಗಳು. ಉಳಿದುದು ವಕ್ರ ಮೇಲ್ಮೈ. ಮೂರು ಎಂದ ಮಗುವೂ ಎರಡು ಎಂದ ಮಗುವೂ ತಮ್ಮ ತಮ್ಮ ವ್ಯಾಖ್ಯೆಗೆ ತಕ್ಕಂತೆ ಸರಿಯೇ. ಗದರಿಸುವ ಮೊದಲು ಪಾಲಕರು ಪುಸ್ತಕದಲ್ಲಿರುವ ವ್ಯಾಖ್ಯೆಯನ್ನು ನೋಡುವುದು ಯುಕ್ತ.

ಎಣಿಕೆಯೊಂದರಿಂದಲೇ ಆಕೃತಿಯನ್ನು ನಿರ್ಧರಿಸಲೂ ಆಗದು. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಲೋಟದ ಆಕೃತಿಗೆ ಶಂಕುವಿನ ಭಿನ್ನಕವೆಂದು ಹೆಸರು. ಲೋಟವನ್ನು ಒಳಗೆ ತುಂಬಿದ ಘನವೆಂದು ಭಾವಿಸಿದರೆ ಅದಕ್ಕೂ ಮೂರು ಮುಖಗಳು, ಎರಡು ಅಂಚುಗಳು; ಸಿಲಿಂಡರಿಗೆ ಇರುವಷ್ಟೇ. ಭೇದ ತಿಳಿಯಬೇಕಾದರೆ ನೆಲದ ಮೇಲೆ ಉರುಳಿಸಿ ನೋಡಬೇಕು. ಡಬ್ಬಿ ನೇರವಾಗಿ ಉರುಳುತ್ತದೆ. ಲೋಟ ಬಾಗಿದ ದಾರಿಯಲ್ಲಿ ಸುತ್ತಿ ಬರುತ್ತದೆ. ಅಡುಗೆ ಅನಿಲದ ಸಿಲಿಂಡರ್ ಹೆಸರಿಗೆ ಸಿಲಿಂಡರಾದರೂ ಅದರ ಮೇಲ್ಭಾಗ ಉಬ್ಬಿರುವುದರಿಂದ ಗಣಿತದ ಸಿಲಿಂಡರಲ್ಲ.

ಸಮತಲ ಮುಖಗಳುಳ್ಳ ಸಾಮಾನ್ಯ ಘನಗಳಲ್ಲಿ ಮುಖ ಮತ್ತು ಶೃಂಗಗಳ ಮೊತ್ತವು ಅಂಚುಗಳ ಸಂಖ್ಯೆಗಿಂತ ಎರಡು ಹೆಚ್ಚೆಂಬುದನ್ನು ಗಣಿತಜ್ಞ ಆಯ್ಲರ್ 1750ರಲ್ಲಿ ಪತ್ರವೊಂದರಲ್ಲಿ ತಿಳಿಸಿದನು. ಇಟ್ಟಿಗೆಯಲ್ಲಿ 6 ಮತ್ತು 8 ಸೇರಿ 14. 12ಕ್ಕೆ 2 ಕೂಡಿದರೂ 14. ಡಬ್ಬಿಯಲ್ಲಿ ಇದು ಹೊಂದುವುದಿಲ್ಲ: ಒಂದು ಕಡೆ 3, ಇನ್ನೊಂದು ಕಡೆ 4. ಆದರೆ ಡಬ್ಬಿಯ ಮೈಮೇಲೆ ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಒಂದು ಗೆರೆ ಎಳೆದು ಅದನ್ನೂ ಅಂಚೆಂದು ಎಣಿಸಿದರೆ, ಗೆರೆಯ ಎರಡು ತುದಿಗಳು ಶೃಂಗಗಳಾಗುತ್ತವೆ. ಆಗ ಮುಖಗಳು 3, ಶೃಂಗಗಳು 2, ಅಂಚುಗಳು 3. ಎರಡೂ ಕಡೆ 5! ಸೂತ್ರಕ್ಕೆ ಬೇಕಾದುದು ತುದಿಗಳುಳ್ಳ ಅಂಚುಗಳು ಮತ್ತು ಬಿಚ್ಚಿ ಹಾಸಬಲ್ಲ, ತೂತಿಲ್ಲದ ಮುಖಗಳು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹೊರನಾಡಿನ ಕನ್ನಡ ಮಕ್ಕಳು ಸಿಲಿಂಡರನ್ನು ಹಿಂದಿಯಲ್ಲಿ ಬೇಲನ್ ಎಂದೋ, ಮರಾಠಿಯಲ್ಲಿ ವೃತ್ತಚಿತಿ ಎಂದೋ, ತಮಿಳಿನಲ್ಲಿ ಉರುಳೈ ಎಂದೋ ಕಲಿಯುತ್ತಿರಬಹುದು. ಹೆಸರು ಯಾವುದಾದರೂ ಡಬ್ಬಿ ಒಂದೇ. ಮನೆಯ ಡಬ್ಬಿ, ಲೋಟ, ಚೆಂಡುಗಳನ್ನು ಮಗುವಿನ ಕೈಗಿತ್ತು, ಮುಟ್ಟಿ, ಎಣಿಸಿ, ಉರುಳಿಸಿ ಕನ್ನಡದಲ್ಲಿಯೇ ವಿವರಿಸಿದಲ್ಲಿ ಪಾಠ ಕಂಠಪಾಠವಾಗದೆ ತಿಳಿವಳಿಕೆಯಾಗಿ ಉಳಿಯುತ್ತದೆ.