ಮಾದರಿ ಟ್ಯಾಂಕಿಗೆ ಬಣ್ಣ: ಕುಂಚವೋ, ಸ್ಪ್ರೇ ಡಬ್ಬಿಯೋ, ಏರ್‌ಬ್ರಶ್ಶೋ?

(ರಾಜ್ಯೋತ್ಸವದ ಅಂಗವಾಗಿ ಏರ್ಪಟ್ಟ ಹವ್ಯಾಸ ಪ್ರದರ್ಶನದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಕವಿಗಳ ಮಾತು ಬರಬೇಕು, ಏಕೀಕರಣಕ್ಕಾಗಿ ದುಡಿದವರ ನೆನಪು ಬರಬೇಕು. ಅವೆರಡೂ ನನಗಿಂತ ಬಲ್ಲವರ ಬಾಯಿಂದ ಆಗಲೇ ಬಂದಿವೆ. ಸಂಚಾಲಕರು ನನ್ನನ್ನು ಕರೆದದ್ದು ಬೇರೆ ಕೆಲಸಕ್ಕೆ. ಆಚೆಯ ಮೇಜಿನ ಮೇಲೆ ನಮ್ಮ ಹುಡುಗ ಹುಡುಗಿಯರು ಕಟ್ಟಿದ ಹನ್ನೊಂದು ಪ್ಲಾಸ್ಟಿಕ್ ಟ್ಯಾಂಕುಗಳಿವೆ. ಅವುಗಳಲ್ಲಿ ಬಣ್ಣ ಮುಗಿದಿರುವವು ನಾಲ್ಕೇ. ಉಳಿದ ಏಳು ಬಣ್ಣ ಮುಗಿಯದೆಯೇ ಬಂದು ಕುಳಿತಿವೆ. ಆ ಏಳರ ಬಗ್ಗೆ ಮಾತಾಡಬೇಕೆಂದು ನನಗೆ ಅಪ್ಪಣೆಯಾಗಿದೆ.

ಏಳೂ ಮನೆಗಳಲ್ಲಿ ವಿಚಾರಿಸಿದೆ. ಯಾವದರಿಂದ ಬಳಿಯಬೇಕೆಂಬದೇ ಅಲ್ಲಿ ನಿರ್ಧಾರವಾಗಿಲ್ಲ. ಒಬ್ಬರು ಏರ್‌ಬ್ರಶ್ ಇಲ್ಲದೆ ಕೈ ಹಚ್ಚಲೇಬಾರದೆಂದು ಎಲ್ಲಿಯೋ ಕೇಳಿದ್ದಾರೆ. ತಂದೆಗೆ ಅದರ ಬೆಲೆ ಕೇಳಿ ಎದೆ ಧಸಕ್ಕೆಂದಿದೆ. ಇನ್ನೊಬ್ಬರು ಪೇಟೆಯಿಂದ ಸ್ಪ್ರೇ ಡಬ್ಬಿ ತಂದು ಒಮ್ಮೆಲೇ ಹೊಡೆದರು. ಮೂರು ವಾರ ಕೂತು ಜೋಡಿಸಿದ ಟ್ಯಾಂಕಿನ ಬೋಲ್ಟು, ಬೆಸುಗೆಯ ಗೆರೆ, ಮುಚ್ಚಳದ ಕೀಲು ಎಲ್ಲ ಹಸಿರು ಪಾಯಸದಲ್ಲಿ ಮುಳುಗಿಹೋದವು. ಹುಡುಗ ಅದನ್ನು ಕಪಾಟಿನ ಮೇಲೆ ಎಸೆದು ಆರು ತಿಂಗಳಾಯಿತು; ತಾಯಿ ಬೇಡಿಕೊಂಡದ್ದಕ್ಕೆ ಇಂದು ಇಲ್ಲಿಗೆ ತಂದಿದ್ದಾನೆ. ಹನ್ನೆರಡು ವರ್ಷದ ಹುಡುಗನಿಗೆ ಇದು ಸಣ್ಣ ಪೆಟ್ಟಲ್ಲ.

ಈ ಹವ್ಯಾಸ ನಮ್ಮ ಸೀಮೆಗೆ ಹೊರಗಿನದೆಂದು ಯಾರೂ ಎನ್ನಬಾರದು. ನಾಶಿಕರೋಡಿನಲ್ಲಿ ತೋಪುಖಾನೆಯ ಕೇಂದ್ರವಿದೆ, ದೇವಳಾಲಿಯಲ್ಲಿ ಅದರ ಶಾಲೆಯಿದೆ. ಈ ಎರಡೂ ಊರುಗಳಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಅಹಿಲ್ಯಾನಗರದಲ್ಲಿ, ಮೊನ್ನೆ ಮೊನ್ನೆಯವರೆಗೆ ಅಹಮದನಗರವೆನ್ನುತ್ತಿದ್ದೆವಲ್ಲ, ಅಲ್ಲಿ, 1994ರಲ್ಲಿ ಸ್ಥಾಪಿಸಿದ ಟ್ಯಾಂಕು ಸಂಗ್ರಹಾಲಯವಿದೆ. ರೋಲ್ಸ್‌ರಾಯ್ಸ್ ಕವಚದ ಮೋಟಾರಿನಿಂದ ಹಿಡಿದು ಪ್ಯಾಟನ್, ಆವಡಿಯಲ್ಲಿ ತಯಾರಾದ ವಿಜಯಂತದವರೆಗೆ ಅಲ್ಲಿ ನೋಡಬಹುದು. ಅದೇ ಊರಿನ ಕವಚದಳದ ಕೇಂದ್ರದಲ್ಲಿ ‘ಫಾಮಾಗುಸ್ತಾ’ ಎಂಬ ಸೆಂಚೂರಿಯನ್ ಟ್ಯಾಂಕನ್ನು ಕಾಪಾಡಿಟ್ಟಿದ್ದಾರೆ. 1971ರ ಡಿಸೆಂಬರ್ 16ರಂದು ಬಸಂತರದ ಕಾಳಗದಲ್ಲಿ ಪೂನಾ ಹಾರ್ಸ್‌ನ ಅರುಣ ಖೇತ್ರಪಾಲರು ಅದರೊಳಗಿದ್ದುಕೊಂಡು ಹೋರಾಡಿ ಮಡಿದರು. ವಯಸ್ಸು 21. ಮರಣಾನಂತರ ಪರಮವೀರ ಚಕ್ರ ಬಂದಿತು. ಮೇಜಿನ ಮೇಲಿನ ಏಳರಲ್ಲಿ ಒಂದು ಸೆಂಚೂರಿಯನ್. ಹುಡುಗಿ ಅದನ್ನು ಫಾಮಾಗುಸ್ತಾ ಮಾಡಬೇಕೆಂದಿದ್ದಾಳೆ. ಅದಕ್ಕೇ ಅವಳಿಗೆ ಕುಂಚ ಮುಟ್ಟಲು ಅಂಜಿಕೆ. ಅಂಜಿಕೆ ಯೋಗ್ಯವಾದದ್ದೇ, ಆದರೆ ಅದು ಕೈಯನ್ನು ಕಟ್ಟಿಹಾಕಬಾರದು.

ಇನ್ನು ಲೆಕ್ಕದ ಮಾತು. ನಮ್ಮ ಮಕ್ಕಳ ಟ್ಯಾಂಕುಗಳು ಬಹುತೇಕ ನಿಜವಾದದ್ದರ ಮೂವತ್ತೈದನೆಯ ಒಂದಂಶ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಿದರೆ ನಗು ಬರುತ್ತದೆ. 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾದವರು ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡುವಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಸುವಷ್ಟು ಗಾತ್ರ ಇಟ್ಟರು. ಆಮೇಲೆ ಅಳೆದು ನೋಡಿದರೆ ಅದು ಹೆಚ್ಚುಕಡಿಮೆ ಮೂವತ್ತೈದರ ಪ್ರಮಾಣವಾಗಿತ್ತು! ಅದೇ ಜಗತ್ತಿಗೆಲ್ಲ ರೂಢಿಯಾಯಿತು. ಈ ಪ್ರಮಾಣದಲ್ಲಿ ಬಣ್ಣದ ಪದರು ಮಿಲಿಮೀಟರಿನ ಹತ್ತನೆಯ ಒಂದಂಶ ದಪ್ಪವಾದರೆ, ನಿಜವಾದ ಟ್ಯಾಂಕಿನ ಮೇಲೆ ಮೂರೂವರೆ ಮಿಲಿಮೀಟರು ದಪ್ಪ ಗಿಲಾವು ಮಾಡಿದ ಹಾಗೆ. ಯಾವ ಬೋಲ್ಟು ತಾನೆ ಉಳಿದೀತು? ಆದುದರಿಂದ ಸಲಕರಣೆ ಯಾವದೇ ಇರಲಿ, ಅದು ತೆಳುವಾಗಿ ಬಳಿಯುತ್ತದೆಯೇ ಎಂಬದೇ ಮೊದಲ ಪ್ರಶ್ನೆ.

ಏರ್‌ಬ್ರಶ್ ಈ ಪ್ರಶ್ನೆಗೆ ಎಲ್ಲಕ್ಕಿಂತ ಚೆನ್ನಾಗಿ ಉತ್ತರ ಕೊಡುತ್ತದೆ, ಅದರಲ್ಲಿ ಸಂಶಯವಿಲ್ಲ. ಪೆನ್ನಿನಷ್ಟು ಉದ್ದದ ಈ ಯಂತ್ರದ ತುದಿಯ ರಂಧ್ರ ಮಿಲಿಮೀಟರಿನ ಮೂರರಿಂದ ಐದು ದಶಾಂಶ ಮಾತ್ರ. ಒಳಗೊಂದು ಸೂಜಿ. ಗುಂಡಿಯನ್ನು ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ. ಹಾಲಿನಷ್ಟು ತೆಳುವಾಗಿಸಿದ ಬಣ್ಣ ಮಂಜಿನಂತೆ ಬಂದು ಕೂಡುತ್ತದೆ. ವಾಳೂಜ್, ಸಾತಪೂರ, ಅಂಬಡದ ಕಾರಖಾನೆಗಳಲ್ಲಿ ಸ್ಪ್ರೇ ಗನ್ನು ಹಿಡಿದವರು ಈ ಸಭೆಯಲ್ಲಿದ್ದೀರಿ. ಅದರ ಮೊಮ್ಮಗುವೆಂದು ತಿಳಿದರೆ ಸಾಕು. ಆದರೆ ಅದರ ಹಿಂದೆ ಕಂಪ್ರೆಸರ್ ಬೇಕು, ಗಾಳಿಯೊಳಗಿನ ನೀರು ಹಿಡಿಯುವ ಬಟ್ಟಲು ಬೇಕು, ಎಲ್ಲ ಸೇರಿ ಕೆಲವು ಸಾವಿರ ರೂಪಾಯಿ. ಹತ್ತು ನಿಮಿಷ ಬಣ್ಣ ಹೊಡೆದರೆ ಹದಿನೈದು ನಿಮಿಷ ತೊಳೆಯಬೇಕು. ಒಂದು ಸಂಜೆ ತೊಳೆಯದೆ ಮಲಗಿದರೆ ಮರುದಿನ ಸೂಜಿ ಅಲುಗುವದಿಲ್ಲ.

ಸ್ಪ್ರೇ ಡಬ್ಬಿಯ ಕಥೆ ಚಿಕ್ಕದು. 1949ರಲ್ಲಿ ಅಮೇರಿಕದ ಎಡ್ವರ್ಡ್ ಸೀಮೋರ್ ಬಣ್ಣವನ್ನು ಒತ್ತಡದ ಡಬ್ಬಿಯಲ್ಲಿ ತುಂಬಿ ಮಾರಲು ಹೊರಟ. ಅನುಕೂಲ ದೊಡ್ಡದು: ಯಂತ್ರವಿಲ್ಲ, ತೊಳೆಯುವ ಕೆಲಸವಿಲ್ಲ. ದೋಷವೂ ಅಲ್ಲಿಯೇ ಇದೆ. ಎಷ್ಟು ಬಣ್ಣ, ಎಷ್ಟು ಒತ್ತಡ ಎಂಬದು ನಿಮ್ಮ ಕೈಯಲ್ಲಿಲ್ಲ. ಬಾಗಿಲು, ಸೈಕಲ್ಲು, ಗೇಟಿಗಾಗಿ ಮಾಡಿದ ಡಬ್ಬಿಯನ್ನು ಇಪ್ಪತ್ತೆರಡು ಸೆಂಟಿಮೀಟರಿನ ಟ್ಯಾಂಕಿಗೆ ತಿರುಗಿಸಿದರೆ ಪಾಯಸವಾಗುವದು ಸಹಜ. ಮೊದಲ ಅಸ್ತರಿಗೆ, ಎಂದರೆ ಪ್ರೈಮರಿಗೆ ಮಾತ್ರ, ಮಾದರಿಗಳಿಗಾಗಿಯೇ ತಯಾರಿಸಿದ ಡಬ್ಬಿಯನ್ನು ಒಂದು ಗೇಣಿಗಿಂತ ತುಸು ದೂರದಿಂದ, ಟ್ಯಾಂಕಿನಾಚೆ ಶುರುಮಾಡಿ ಟ್ಯಾಂಕಿನಾಚೆ ಮುಗಿಸುತ್ತ, ಬೀಸಿ ಬೀಸಿ ಹೊಡೆದರೆ ಅದು ಒಳ್ಳೆಯ ಸೇವಕ.

ಇನ್ನು ಕುಂಚ. ಸಂಭಾಜಿನಗರದ ಬಂಧುಗಳ ಮುಂದೆ ಕುಂಚದ ಹೆಚ್ಚಳವನ್ನು ನಾನು ಹೇಳಬೇಕೆ? ಅಜಂತೆ ಅವರ ಜಿಲ್ಲೆಯಲ್ಲಿದೆ. ವೇರೂಳಿನ ಕೈಲಾಸಕ್ಕೆ, ನಮ್ಮ ರಾಷ್ಟ್ರಕೂಟರ ಕೃಷ್ಣನ ಕಾಲದ ಆ ಕೈಲಾಸಕ್ಕೆ, ಒಂದು ಕಾಲದಲ್ಲಿ ಜನ ರಂಗಮಹಲು ಎನ್ನುತ್ತಿದ್ದರು; ಕಲ್ಲಿನ ಮೇಲೆ ಗಚ್ಚು ಬಳಿದು ಬಣ್ಣ ಬರೆದಿದ್ದರು, ಛಾವಣಿಯಲ್ಲಿ ಇನ್ನೂ ಕೆಲವು ಉಳಿದಿವೆ. ಇಷ್ಟು ದೂರ ಹೋಗುವದೂ ಬೇಡ. ಗಣಪತಿ ಹಬ್ಬದ ಮುಂಚೆ ಯಾವದಾದರೂ ಮೂರ್ತಿಕಾರರ ಮಂಡಪದಲ್ಲಿ ಒಂದು ತಾಸು ನಿಂತು ನೋಡಿರಿ. ಮೈಬಣ್ಣಕ್ಕೆ ಸ್ಪ್ರೇ ಗನ್ನು ಗುರ್ರೆನ್ನುತ್ತದೆ, ಅದು ಎಳೆಯ ಹುಡುಗರ ಕೆಲಸ. ಕಣ್ಣು ಬರೆಯುವ ಹೊತ್ತು ಬಂತೆಂದರೆ ಮನೆಯ ಹಿರಿಯರು ಸಣ್ಣ ಕುಂಚ ಹಿಡಿದು ಕೂಡುತ್ತಾರೆ. ಮರಾಠಿಯಲ್ಲಿ ಇದಕ್ಕೆ ಆಖಣಿ ಎಂಬ ಬೇರೆಯೇ ಹೆಸರಿದೆ. ಯಂತ್ರ ಇರುವ ಮನೆಯಲ್ಲಿಯೂ ಜೀವ ತರುವದು ಕುಂಚವೇ.

ಟ್ಯಾಂಕಿಗೂ ಅದೇ ನ್ಯಾಯ. ಏರ್‌ಬ್ರಶ್ ಇರುವವನೂ ಹಾರೆ, ಸಲಿಕೆ, ಸರಪಳಿ, ಸೈನಿಕನ ಮುಖ, ಕೆದರಿದ ಬಣ್ಣದ ಕೆಳಗಿನ ಲೋಹ ಇವುಗಳಿಗೆ ಕುಂಚವನ್ನೇ ಹಿಡಿಯಬೇಕು. ಕುಂಚದಿಂದ ಮೈಬಣ್ಣ ಬಳಿದರೆ ಗೆರೆ ಬೀಳುತ್ತದೆಂಬ ದೂರಿದೆ. ದಪ್ಪ ಬಣ್ಣ ತುಂಬಿ, ಅರೆ ಒಣಗಿದ್ದನ್ನೇ ಮತ್ತೆ ಮತ್ತೆ ತಿಕ್ಕಿದರೆ ಬೀಳದೆ ಏನಾದೀತು? ನೀರಿನ ಬಣ್ಣ, ಅಂದರೆ ಅಕ್ರಿಲಿಕ್ ತೆಗೆದುಕೊಳ್ಳಿರಿ, ತೆಳುವಾಗಿಸಿರಿ, ಚಪ್ಪಟೆ ಕುಂಚದಿಂದ ಒಂದೇ ದಿಕ್ಕಿಗೆ ಎಳೆಯಿರಿ. ಮೊದಲ ಕೈ ನೋಡಿದರೆ ಅಳು ಬರುವಂತಿರುತ್ತದೆ. ಪೂರ್ತಿ ಒಣಗಲು ಬಿಡಿರಿ. ಎರಡನೆಯ ಕೈ ಅಡ್ಡಕ್ಕೆ, ಮೂರನೆಯದು ಮತ್ತೆ ಉದ್ದಕ್ಕೆ. ಸಂಭಾಜಿನಗರದ ಬೇಸಿಗೆಯಲ್ಲಿ ಬಣ್ಣ ಕುಂಚದ ಮೇಲೆಯೇ ಒಣಗುತ್ತದೆ. ಅದಕ್ಕೆ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಕಲಸಿರಿ. ಕೃತಕ ಎಳೆಯ ಕುಂಚ ಇದಕ್ಕೆ ಸಾಕು. ಯಾರಾದರೂ ಮುಂಗುಸಿ ಕೂದಲಿನದೆಂದು ಕೊಡಬಂದರೆ ಕೊಳ್ಳಬೇಡಿರಿ, ಅದು ವನ್ಯಜೀವಿ ಕಾಯಿದೆಗೆ ವಿರುದ್ಧ.

ಹಾಗಾದರೆ ಏರ್‌ಬ್ರಶ್ ಎಲ್ಲಿ ಅನಿವಾರ್ಯ? ನಿಜವಾದ ಟ್ಯಾಂಕಿಗೆ ಯಾವದರಿಂದ ಬಳಿದಿದ್ದರು ಎಂದು ಕೇಳಿರಿ, ಉತ್ತರ ಅಲ್ಲಿದೆ. 1943ರ ನಂತರ ಜರ್ಮನರು ಹಳದಿ ಮೈಯ ಟ್ಯಾಂಕುಗಳ ಮೇಲೆ ರಣರಂಗದಲ್ಲಿಯೇ ಕಂದು, ಹಸಿರು ಪಟ್ಟೆಗಳನ್ನು ಬಹಳಷ್ಟು ಸಲ ಸ್ಪ್ರೇ ಗನ್ನಿನಿಂದ ಹೊಡೆಯುತ್ತಿದ್ದರು. ಆ ಪಟ್ಟೆಗಳ ಅಂಚು ಹೊಗೆಯಂತೆ ಕರಗಿರುತ್ತದೆ. ಅದನ್ನು ಕುಂಚದಿಂದ ತರುವದು ಬಹಳ ಕಷ್ಟ. ರಷ್ಯದ ಹಿಮದಲ್ಲಿ ಸುಣ್ಣ ಬಳಿದದ್ದು ಕುಂಚದಿಂದ, ಪೊರಕೆಯಂಥ ಸಾಮಾನಿನಿಂದ. ಅದನ್ನು ಏರ್‌ಬ್ರಶ್ಶಿನಿಂದ ಹೊಡೆದರೆ ಸುಳ್ಳು ಕಾಣುತ್ತದೆ. ನಮ್ಮ ಸೇನೆಯ ಸೆಂಚೂರಿಯನ್ ಬಹುಮಟ್ಟಿಗೆ ಒಂದೇ ಹಸಿರು ಮೈಯದು. ಆದುದರಿಂದ, ತಂಗೀ, ನಿನ್ನ ಫಾಮಾಗುಸ್ತಾಕ್ಕೆ ಕಂಪ್ರೆಸರಿನ ಹಾದಿ ಕಾಯುವದು ಬೇಡ. ಅಹಿಲ್ಯಾನಗರಕ್ಕೆ ಹೋಗಿ ಅಲ್ಲಿಯ ಟ್ಯಾಂಕುಗಳ ಆಕಾರವನ್ನು ಕಣ್ತುಂಬ ನೋಡಿ ಬಾ, ಆದರೆ ಹೊಳಪನ್ನು ನಕಲು ಮಾಡಬೇಡ. ಪ್ರದರ್ಶನಕ್ಕಿಟ್ಟ ಟ್ಯಾಂಕು ಮೇಲಿಂದ ಮೇಲೆ ಹೊಸ ಬಣ್ಣ ಕಂಡಿರುತ್ತದೆ. ಕಾಳಗದ ಟ್ಯಾಂಕು ಧೂಳು ಕುಡಿದು ಮಂಕಾಗಿರುತ್ತದೆ.

ತಾಯ್ತಂದೆಗಳಿಗೆ ಒಂದು ಕಠಿಣ ಮಾತು. ಈಗಿನ ಡಬ್ಬಿಗಳಲ್ಲಿ ಬಣ್ಣವನ್ನು ನೂಕುವದು ಹೆಚ್ಚಾಗಿ ಅಡಿಗೆ ಗ್ಯಾಸಿನ ಜಾತಿಯ ಅನಿಲವೇ. ಎರಡು ಕೋಣೆಯ ಮನೆಯಲ್ಲಿ, ಒಲೆ ಹೊತ್ತಿಸಿದ ಅಡಿಗೆಮನೆಯ ಬದಿಗೆ ಅದನ್ನು ಹೊಡೆಯುವದೆಂದರೆ ಬೆಂಕಿಯೊಡನೆ ಆಟ. ಮೇ ತಿಂಗಳಲ್ಲಿ ಮುಚ್ಚಿದ ಕಾರಿನೊಳಗೆ ಡಬ್ಬಿ ಬಿಡಬೇಡಿರಿ. ಬಟ್ಟೆಯ ಮಾಸ್ಕು ಥಿನ್ನರಿನ ಆವಿಯನ್ನು ತಡೆಯುವದಿಲ್ಲ. ಅದಕ್ಕೆ ಇದ್ದಿಲ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಗಚ್ಚಿಯ ಮೇಲೆ, ದೊಡ್ಡವರು ಹತ್ತಿರವಿದ್ದಾಗ, ದೀಪಾವಳಿಯ ನಂತರದ ಒಣ ಹವೆಯಲ್ಲಿ ಹೊಡೆಯಿರಿ. ನಾಶಿಕದ ಆಷಾಢದ ಮಳೆಯಲ್ಲಿ ಹೊಡೆದರೆ ತೇವ ಸೇರಿ ಬಣ್ಣದ ಮೇಲೆ ಬಿಳಿ ಬೂಷ್ಟಿನಂಥ ಛಾಯೆ ಬರುತ್ತದೆ. ಸಂಭಾಜಿನಗರದ ಬೇಸಿಗೆಯ ಮಧ್ಯಾಹ್ನದಲ್ಲಿ ಹೊಡೆದರೆ ಬಣ್ಣ ಹಾದಿಯಲ್ಲಿಯೇ ಒಣಗಿ ಉಸುಕಿನಂತೆ ಕೂಡುತ್ತದೆ.

ಕೊನೆಗೆ ಸಂಘದ ಮುಂದೆ ನನ್ನದೊಂದು ಬೇಡಿಕೆ. ಪ್ರತಿ ಮನೆಯೂ ಏರ್‌ಬ್ರಶ್ ಕೊಳ್ಳಬೇಕಾಗಿಲ್ಲ. ಪುಸ್ತಕಗಳನ್ನು ಹೇಗೆ ಒಟ್ಟಿಗೆ ಇಟ್ಟು ಓದುತ್ತೇವೋ ಹಾಗೆ ಸಂಘವೇ ಒಂದು ಏರ್‌ಬ್ರಶ್, ಒಂದು ಸಣ್ಣ ಕಂಪ್ರೆಸರ್, ಎರಡು ಮಾಸ್ಕು ಕೊಂಡು ವಾಚನಾಲಯದ ಹಿಂದಿನ ಕಿಟಕಿಯ ಕೋಣೆಯಲ್ಲಿ ಇಡಲಿ. ಮೂರು ಟ್ಯಾಂಕು ಕುಂಚದಿಂದ ಮುಗಿಸಿ ತೋರಿಸಿದವರಿಗೆ ರವಿವಾರ ಬೆಳಿಗ್ಗೆ ಎರಡು ತಾಸು ಸಿಗಲಿ. ಕಾರಖಾನೆಯ ಪೇಂಟ್ ವಿಭಾಗದಿಂದ ನಿವೃತ್ತರಾದ ಇಬ್ಬರು ಹಿರಿಯರು ಬಂದು ಕೂಡಲು ಒಪ್ಪಿದ್ದಾರೆ. ಕಪಾಟಿನಿಂದ ಇಳಿದು ಬಂದ ಆ ಹಸಿರು ಟ್ಯಾಂಕನ್ನು ಅವರು ಆಗಲೇ ಕೈಯಲ್ಲಿ ಹಿಡಿದು ನೋಡಿದರು. ತಕ್ಕ ದ್ರಾವಣದಲ್ಲಿ ನೆನೆಯಿಟ್ಟು ಹಳೆಯ ಹಲ್ಲುಬ್ರಶ್ಶಿನಿಂದ ತಿಕ್ಕಿದರೆ ಬಣ್ಣ ಬಿಡುತ್ತದೆ, ಪ್ಲಾಸ್ಟಿಕ್ಕಿಗೆ ಏನೂ ಆಗುವದಿಲ್ಲ, ಆದರೆ ಮೊದಲು ಒಂದು ತುಂಡಿನ ಮೇಲೆ ಪರೀಕ್ಷಿಸಬೇಕು ಎಂದಿದ್ದಾರೆ. ಬರುವ ರವಿವಾರ ಹತ್ತು ಗಂಟೆಗೆ ಆ ಹುಡುಗ ಅದನ್ನು ತಕ್ಕೊಂಡು ಬರಲಿ.