ನೆರೆಯೂ ನೆರೆಯವರೂ



ತಂಪಾನೂರಿಗೆ ಬಂದು ನೆಲಸಿದ ನಾವು, ಮಲಯಾಳ ಬಾರದೆಂಬ ಸಂಕೋಚದಿಂದ ನೆರೆಮನೆಯವರನ್ನು ಕಂಡರೆ ನಕ್ಕು ಸುಮ್ಮನಾಗುತ್ತಿದ್ದೆವು.

ಇದು ತಗ್ಗು ನೆಲ. ರೈಲು ನಿಲ್ದಾಣದಡಿ ಹರಿಯುವ ಆಮಯಿಳಂಜಾನ್ ತೋಡು ಕಸದಿಂದ ಕಟ್ಟಿಕೊಂಡರೆ ಮಳೆನೀರು ಬೀದಿಗೇರುತ್ತದೆ. 2015ರಲ್ಲಿ ‘ಆಪರೇಷನ್ ಅನಂತ’ದಡಿ ಕಾಲುವೆಗಳನ್ನು ತೆರವು ಮಾಡಿದರೂ ತೊಂದರೆ ಪೂರ್ತಿ ತೀರಲಿಲ್ಲ.

ಒಂದು ರಾತ್ರಿ ನೀರು ನಮ್ಮ ಹೊಸ್ತಿಲು ದಾಟಿತು. ಕರೆಯುವ ಮುನ್ನವೇ ಎದುರುಮನೆಯ ಚೇಚ್ಚಿ, ಅಂದರೆ ಅಕ್ಕ, ಬಂದು ನಮ್ಮ ಹಿರಿಯರನ್ನು ತಮ್ಮ ಮಾಳಿಗೆಗೆ ಕರೆದೊಯ್ದರು. ಬಿಸಿ ‘ಕಂಜಿ’ ಬಡಿಸಿದರು. ಅದು ನಮ್ಮ ಗಂಜಿಯೇ ಎಂದು ತಿಳಿಯಲು ನಿಘಂಟು ಬೇಕಾಗಲಿಲ್ಲ.

ಕನ್ನಡದಲ್ಲಿ ಪ್ರವಾಹವೂ ನೆರೆ, ಪಕ್ಕದ ಮನೆಯೂ ನೆರೆ. ಎರಡನೆಯದನ್ನು ಅರಿಯಲು ಮೊದಲನೆಯದು ಬರುವವರೆಗೆ ನಾವು ಕಾದದ್ದು ತಪ್ಪು. ಹೊಸದಾಗಿ ಬಂದ ಬಂಧುಗಳೇ, ಇಂದೇ ಪಕ್ಕದ ಬಾಗಿಲು ತಟ್ಟಿರಿ.