ಆಷಾಢದ ಗಾಳಿಯೂ ಗ್ರೀಸಿನ ದ್ವೀಪವೂ



ತಿಪಟೂರು ತಾಲ್ಲೂಕಿನ ಅರಳಗುಪ್ಪೆ ನನ್ನ ತಾಯಿಯ ತವರು. ಎತ್ತ ನೋಡಿದರೂ ತೆಂಗಿನ ತೋಟ. ಸಮುದ್ರವನ್ನು ನೋಡಬೇಕೆಂದರೆ ಪಶ್ಚಿಮ ಘಟ್ಟವನ್ನು ಇಳಿಯಬೇಕು. ಚಿಕ್ಕಂದಿನಲ್ಲಿ ನಾನು ಕಂಡ ಅತಿ ದೊಡ್ಡ ಜಲರಾಶಿ ಎಂದರೆ ಊರ ಮುಂದಿನ ಕೆರೆ, ಅದೂ ಮಳೆಯಾದ ವರ್ಷ ಮಾತ್ರ. ಇಂಥವನು ಹಾಯಿದೋಣಿ ಏರಿ ಗ್ರೀಸ್ ದೇಶದ ಒಂದು ದ್ವೀಪಕ್ಕೆ ಹೋದ ಕಥೆಯನ್ನು ಇಂದು ನಿಮ್ಮ ಮುಂದೆ ಹೇಳಹೊರಟಿದ್ದೇನೆ. ಕಥೆ ಚಿಕ್ಕದು, ಮೂರು ಗಂಟೆಯ ಪ್ರಯಾಣ. ಆದರೆ ಆ ದೋಣಿಯನ್ನು ಎರಡು ದಿನ ತಡೆದು, ಮೂರನೆಯ ದಿನ ದಡ ಸೇರಿಸಿದ ಗಾಳಿಯ ವಿಷಯ ದೊಡ್ಡದು.

ನಮ್ಮ ಕಡೆಯ ಆಷಾಢವನ್ನು ನೀವು ಬಲ್ಲಿರಿ. ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ವಾಲಿ, ದಿನವಿಡೀ ಬುಸುಗುಡುತ್ತವೆ. ಒಣಗಿದ ಸೋಗೆ, ಬಲಿಯದ ಕಾಯಿ ಉದುರುತ್ತವೆ. ತಲೆಯ ಮೇಲೆ ಮೋಡ ಓಡುತ್ತಲೇ ಇರುತ್ತದೆ, ಮಳೆ ಮಾತ್ರ ಬೀಳದು. ಅರಬ್ಬೀ ಸಮುದ್ರದಿಂದ ಹೊತ್ತು ತಂದ ನೀರನ್ನು ಈ ಗಾಳಿ ಘಟ್ಟದ ಆಚೆಗೇ ಸುರಿದುಬಿಟ್ಟಿರುತ್ತದೆ. ನಮಗೆ ಸಿಗುವುದು ಖಾಲಿ ಕೊಡ. ಈ ಒಣ ಗಾಳಿಗೆ ಅಣ್ಣನೋ ತಮ್ಮನೋ ಇರಬಹುದೆಂದು ನಾನು ಯೋಚಿಸಿದವನೇ ಅಲ್ಲ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳ ಕೊನೆಯಲ್ಲಿ, ಯೂರೋಪಿನಲ್ಲಿ ನೆಲೆಸಿರುವ ನನ್ನ ಕಾಲೇಜು ಸ್ನೇಹಿತನೊಬ್ಬ ಗ್ರೀಸಿನ ಲಾವ್ರಿಯೋ ಬಂದರಿನಲ್ಲಿ ಒಂದು ಹಾಯಿದೋಣಿಯನ್ನು ಬಾಡಿಗೆಗೆ ಹಿಡಿದು ನನ್ನನ್ನು ಕರೆದ. ಲಾವ್ರಿಯೋ ಇರುವುದು ಅಥೆನ್ಸಿನ ಆಗ್ನೇಯಕ್ಕೆ. ಅದರ ಸಮೀಪದಲ್ಲೇ ಸೂನಿಯನ್ ಭೂಶಿರ, ಅದರ ತುದಿಯಲ್ಲಿ ಸಮುದ್ರದೇವತೆ ಪೊಸೈಡನ್ನನ 5ನೆಯ ಶತಮಾನದ, ಕ್ರಿಸ್ತಪೂರ್ವದ, ದೇಗುಲ. ಮಗ ಥೀಸಿಯಸ್ ಗೆದ್ದು ಬರುವಾಗ ಕಪ್ಪು ಹಾಯಿಯನ್ನು ಇಳಿಸಿ ಬಿಳಿಯ ಹಾಯಿ ಏರಿಸಲು ಮರೆತ. ಅವನು ಸತ್ತನೆಂದು ತಿಳಿದ ತಂದೆ ಈಜಿಯಸ್ ಸಮುದ್ರಕ್ಕೆ ಹಾರಿದ. ಆದ್ದರಿಂದಲೇ ಅದಕ್ಕೆ ಈಜಿಯನ್ ಸಮುದ್ರವೆಂದು ಹೆಸರಾಯಿತು ಎಂಬುದು ಪುರಾಣ. ನಮ್ಮ ಗುರಿ ಕೆಯಾ ಎಂಬ ದ್ವೀಪ. ಹೆಚ್ಚೇನೂ ದೂರವಿಲ್ಲ, ಸಾಮಾನ್ಯ ಹಡಗಿಗೆ ಒಂದು ಗಂಟೆಯ ಹಾದಿ.

ಬಂದರು ತಲುಪಿದಾಗ ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ನಾನು ಹಿಗ್ಗಿದೆ. ಸ್ನೇಹಿತ ಮಾತ್ರ ಹೊರಡಲು ಒಪ್ಪಲಿಲ್ಲ. ನಿಂತ ದೋಣಿಗಳ ಕೂವೆಮರಗಳಿಗೆ ಹಗ್ಗ ಬಡಿಯುವ ಸದ್ದು ಬಂದರಿನ ತುಂಬ ತುಂಬಿತ್ತು. ಗಾಳಿ ಬ್ಯೂಫೋರ್ಟ್ ಮಾನದಲ್ಲಿ 7, ಅಂದರೆ ಗಂಟೆಗೆ 50ರಿಂದ 60 ಕಿಲೋಮೀಟರ್. ಬಿಸಿಲು ಕಾಯುತ್ತಿದೆ, ಎದುರಿಗೇ ದ್ವೀಪಗಳು ಕಾಣುತ್ತಿವೆ, ಆದರೂ ಹೋಗುವಂತಿಲ್ಲ ಎಂದರೆ ನನಗೆ ಸಿಟ್ಟು ಬಂತು. ಮರಳುವ ವಿಮಾನದ ದಿನ ಗೊತ್ತಾಗಿತ್ತು. ಬಿ.ಎಸ್ಸಿ. ಓದುವಾಗ ನಾವಿಬ್ಬರೂ ಕಲಿತಿದ್ದ ಒಂದು ಸೂತ್ರವನ್ನು ಅವನು ನೆನಪಿಸಿದ. ಗಾಳಿಯ ಒತ್ತುವ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. "ಗಾಳಿ ಅರ್ಧಕ್ಕಿಳಿದ ದಿನ ಹೋಗೋಣ, ಕಾಲು ಭಾಗ ಬಲಕ್ಕೆ ಹೆದರಿದರೆ ಸಾಕು" ಎಂದ. ಪರೀಕ್ಷೆಯಲ್ಲಿ ಬರೆದ ಸೂತ್ರ ನನ್ನ ಪ್ರಾಣಕ್ಕೆ ಸಂಬಂಧಿಸಿದ್ದು ಅದೇ ಮೊದಲ ಸಲ.

ಈ ಗಾಳಿಗೆ ಅಲ್ಲಿ ಮೆಲ್ಟೆಮಿ ಎನ್ನುತ್ತಾರೆ. ಪ್ರಾಚೀನ ಗ್ರೀಕರು ಕರೆದದ್ದು ಎಟೀಸಿಯನ್ ಎಂದು, ಅಂದರೆ ವರ್ಷಕ್ಕೊಮ್ಮೆ ತಪ್ಪದೆ ಬರುವ ಗಾಳಿ. ನಮ್ಮ ಮಾನ್ಸೂನ್ ಎಂಬ ಮಾತಿನ ಮೂಲ ಅರಬ್ಬಿಯ ಮೌಸಿಮ್, ಅಂದರೆ ಋತು. ಎರಡು ಸಮುದ್ರದ ನಾವಿಕರೂ ತಮ್ಮ ಗಾಳಿಯನ್ನು ಹೆಸರಿಸಿರುವುದು ಅದರ ವೇಳಾಪಟ್ಟಿಯಿಂದ.

ಎರಡು ದಿನ ದೋಣಿಯಲ್ಲೇ ಕುಳಿತೆವು. ಬೇಸರ ಕಳೆಯಲು ಸ್ನೇಹಿತ ತನ್ನ ಫೋನಿನಲ್ಲಿ ಅಂದಿನ ವಾಯುಒತ್ತಡದ ನಕ್ಷೆಯನ್ನು ತೆರೆದು ಕೊಟ್ಟ. ಬಾಲ್ಕನ್ ದೇಶಗಳ ಮೇಲೆ ಅಧಿಕ ಒತ್ತಡ, ಟರ್ಕಿಯ ಮೇಲೆ ಕಡಿಮೆ ಒತ್ತಡ, ಇವೆರಡರ ನಡುವಿನ ಓಣಿಯಲ್ಲಿ ನಾವು. ಅಷ್ಟು ಅರ್ಥವಾಯಿತು. ಆ ಕಡಿಮೆ ಒತ್ತಡದ ಪ್ರದೇಶ ಎಲ್ಲಿಗೆ ಮುಗಿಯುತ್ತದೆ ನೋಡೋಣವೆಂದು ನಕ್ಷೆಯನ್ನು ಬೆರಳಿನಿಂದ ಸರಿಸುತ್ತಾ ಹೋದೆ. ಅದು ಮುಗಿಯಲಿಲ್ಲ. ಇರಾಕ್ ದಾಟಿತು, ಇರಾನ್ ದಾಟಿತು, ಕಣಿವೆಯಂತೆ ಇನ್ನೂ ಆಳವಾಗುತ್ತಾ ಪಾಕಿಸ್ತಾನದ ಸಿಂಧ್ ಮತ್ತು ನಮ್ಮ ರಾಜಸ್ಥಾನದ ತನಕ ಬಂದಿತು. ನಮ್ಮ ಮುಂಗಾರನ್ನು ಎಳೆದು ತರುವ ಬೇಸಿಗೆಯ ಕಾದ ನೆಲ ಅದೇ! ನನ್ನನ್ನು ಲಾವ್ರಿಯೋದಲ್ಲಿ ಕಟ್ಟಿಹಾಕಿದ್ದ ಗಾಳಿ ಆ ಕಣಿವೆಯ ಪಶ್ಚಿಮದ ಅಂಚಿನಲ್ಲಿ ಬೀಸುತ್ತಿತ್ತು. ಅದೇ ಹೊತ್ತಿಗೆ ಅರಳಗುಪ್ಪೆಯ ಗರಿಗಳನ್ನು ವಾಲಿಸುತ್ತಿದ್ದ ಗಾಳಿ ಅದರ ದಕ್ಷಿಣದ ಅಂಚಿನದು. ನಡುವೆ ಸುಮಾರು 5,800 ಕಿಲೋಮೀಟರ್ ದೂರ.

ಇದನ್ನು ನೀವೇ ಪರೀಕ್ಷಿಸಬಹುದು. ಉಪಕರಣ ಬೇಡ, ಎರಡು ಕೈ ಸಾಕು. ಭೂಮಿ ತಿರುಗುವುದರಿಂದ ಉತ್ತರ ಗೋಲಾರ್ಧದಲ್ಲಿ ಬೀಸುವ ಗಾಳಿ ಬಲಕ್ಕೆ ಬಾಗುತ್ತದೆ. ಹೀಗಾಗಿ ಅದು ಕಡಿಮೆ ಒತ್ತಡದ ಪ್ರದೇಶಕ್ಕೆ ನೇರವಾಗಿ ನುಗ್ಗದೆ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಅದನ್ನು ಸುತ್ತುಹಾಕುತ್ತದೆ. 1857ರಲ್ಲಿ ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ ಇದನ್ನು ಒಂದು ಸುಲಭ ನಿಯಮವಾಗಿ ಹೇಳಿದ. ಗಾಳಿಗೆ ಬೆನ್ನು ಮಾಡಿ ನಿಲ್ಲಿ, ಎಡಗೈಯನ್ನು ಚಾಚಿ, ಕಡಿಮೆ ಒತ್ತಡ ಆ ಕಡೆಗಿದೆ, ನೆಲದ ಘರ್ಷಣೆಯಿಂದಾಗಿ ಕೈಗಿಂತ ಸ್ವಲ್ಪ ಮುಂದಕ್ಕೆ. ಕೆಯಾದಲ್ಲಿ ಉತ್ತರದ ಗಾಳಿಗೆ ಬೆನ್ನು ಮಾಡಿದರೆ ನಿಮ್ಮ ಮುಖ ದಕ್ಷಿಣಕ್ಕೆ, ಎಡಗೈ ಪೂರ್ವಕ್ಕೆ, ಟರ್ಕಿಯ ಕಡೆಗೆ. ಆಷಾಢದಲ್ಲಿ ತಿಪಟೂರಿನಲ್ಲಿ ನೈಋತ್ಯ ಗಾಳಿಗೆ ಬೆನ್ನು ಮಾಡಿದರೆ ಮುಖ ಈಶಾನ್ಯಕ್ಕೆ, ಎಡಗೈ ವಾಯವ್ಯಕ್ಕೆ, ರಾಜಸ್ಥಾನ ಸಿಂಧ್‌ಗಳ ಕಡೆಗೆ. ಎರಡು ಊರಿನ ಎರಡು ಎಡಗೈಗಳು ಒಂದೇ ಕಣಿವೆಯ ಎರಡು ತುದಿಗಳನ್ನು ತೋರಿಸುತ್ತವೆ.

ಮೆಲ್ಟೆಮಿ ಬೀಸುವಾಗ ಆಕಾಶ ಅಷ್ಟು ಶುಭ್ರವಾಗಿರುವುದೇಕೆ? ಅದರಲ್ಲಿಯೂ ನಮ್ಮ ಪಾಲಿದೆ. ಮುಂಗಾರಿನಲ್ಲಿ ಉತ್ತರ ಭಾರತದ ಮೇಲೆ ನೀರಾವಿ ಮಳೆಯಾಗುವಾಗ ಅಪಾರ ಶಾಖ ಬಿಡುಗಡೆಯಾಗುತ್ತದೆ, ಗಾಳಿ ಮೇಲೇರುತ್ತದೆ. ಇದರ ಪರಿಣಾಮವಾಗಿ ದೂರದ ಪಶ್ಚಿಮದಲ್ಲಿ, ಪೂರ್ವ ಮೆಡಿಟರೇನಿಯನ್ನಿನ ಮೇಲೆ, ಗಾಳಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟದು. ಬ್ರಿಟನ್ನಿನ ಹವಾಮಾನ ವಿಜ್ಞಾನಿಗಳಾದ ರಾಡ್‌ವೆಲ್ ಮತ್ತು ಹಾಸ್ಕಿನ್ಸ್ 1996ರಲ್ಲಿ ಈ ನಂಟನ್ನು ವಿವರಿಸಿದರು. ಹಾಗೆಂದು ಇಲ್ಲಿ ಮಳೆ ಬಂದ ದಿನ ಅಲ್ಲಿ ಗಾಳಿ ಎದ್ದೀತೆಂದು ಲೆಕ್ಕ ಹಾಕಬೇಡಿ. ಬಾಲ್ಕನ್ನಿನ ಅಧಿಕ ಒತ್ತಡಕ್ಕೂ ತನ್ನದೇ ಮರ್ಜಿ ಇದೆ.

ಮೂರನೆಯ ಬೆಳಗ್ಗೆ ಗಾಳಿ 4ಕ್ಕೆ ಇಳಿಯಿತು. ಹೊರಟೆವು.

ಗಾಳಿ ಹಿಂದಿನಿಂದ ಬಂದರೆ ದೋಣಿ ಮುಂದೆ ಹೋಗುವುದು ಯಾರಿಗಾದರೂ ಹೊಳೆಯುತ್ತದೆ. ನಮ್ಮ ಹಾದಿ ಪೂರ್ವಕ್ಕೆ, ಗಾಳಿ ಉತ್ತರದ್ದು, ಎಂದರೆ ಪಕ್ಕದಿಂದ. ಪಕ್ಕದ ಗಾಳಿ ಮುಂದಕ್ಕೆ ಹೇಗೆ ತಳ್ಳೀತು? ಹಾಯಿ ಪರದೆಯಲ್ಲ, ಅದು ನಿಲ್ಲಿಸಿದ ರೆಕ್ಕೆ. ಅದರ ಬಾಗಿನ ಸುತ್ತ ಹರಿಯುವ ಗಾಳಿ ತನ್ನ ದಿಕ್ಕನ್ನು ಬದಲಿಸುತ್ತದೆ, ಹಾಯಿಯ ಎರಡು ಮೈಗಳ ನಡುವೆ ಒತ್ತಡದ ವ್ಯತ್ಯಾಸ ಉಂಟಾಗುತ್ತದೆ. ಆ ಬಲದ ಒಂದು ಪಾಲು ದೋಣಿಯನ್ನು ಪಕ್ಕಕ್ಕೆ ನೂಕುತ್ತದೆ, ಇನ್ನೊಂದು ಪಾಲು ಮುಂದಕ್ಕೆ. ಪಕ್ಕಕ್ಕೆ ಜಾರದಂತೆ ತಡೆಯಲು ದೋಣಿಯ ಅಡಿಯಲ್ಲಿ ಕೀಲ್ ಎಂಬ ಭಾರವಾದ ಹಲಗೆ ನೀರಿನೊಳಗೆ ಇಳಿದಿರುತ್ತದೆ. ಒದ್ದೆಯಾದ ಹುಣಸೆ ಬೀಜವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿ ನೋಡಿ. ನೀವು ಒತ್ತುವುದು ಎರಡು ಪಕ್ಕದಿಂದ, ಅದು ಚಿಮ್ಮುವುದು ಮುಂದಕ್ಕೆ. ಒಂದು ಬೆರಳು ಗಾಳಿ, ಇನ್ನೊಂದು ಬೆರಳು ನೀರು, ನಡುವಿನ ಬೀಜ ದೋಣಿ. ಆದರೆ ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಅದು 45 ಅಂಶಗಳಷ್ಟು ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾವಿನಂತೆ ಹರಿದು ಮೇಲೇರಬೇಕು.

ಇಷ್ಟೆಲ್ಲ ತಿಳಿದ ನಾನು ಮಾಡಿದ್ದೇನು? ಹಾಯಿಯನ್ನು ಹಿಡಿತದಲ್ಲಿಡುವ ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು ನಿಂತೆ. ಬಾವಿಯಿಂದ ನೀರು ಸೇದುವಾಗ ಅಜ್ಜಿ "ಹಗ್ಗ ಕೈಗೆ ಸುತ್ತಬೇಡ" ಎಂದು ಸಾವಿರ ಸಲ ಗದರಿದ್ದರು. ಮಕ್ರೋನಿಸಿ ಎಂಬ ಬೋಳು ದ್ವೀಪದ ಮರೆ ದಾಟಿದೊಡನೆ (1940ರ ದಶಕದ ಅಂತರ್ಯುದ್ಧದಲ್ಲಿ ಅಲ್ಲಿ ರಾಜಕೀಯ ಕೈದಿಗಳನ್ನು ಇಟ್ಟಿದ್ದರು) ಗಾಳಿ ಒಮ್ಮೆಲೇ ಬಡಿಯಿತು. ದೋಣಿ ವಾಲಿತು, ಹಗ್ಗ ಸೆಳೆಯಿತು, ನಾನು ಹಗ್ಗದ ಜೊತೆಗೇ ಎದ್ದುಹೋದೆ. ಸ್ನೇಹಿತ ಚುಕ್ಕಾಣಿಯನ್ನು ಗಾಳಿಯತ್ತ ತಿರುಗಿಸಿ ಹಾಯಿಯನ್ನು ಸಡಿಲಗೊಳಿಸದಿದ್ದರೆ ಎರಡು ಬೆರಳುಗಳಾದರೂ ಹೋಗುತ್ತಿದ್ದವು. ಅವನು ಬಯ್ಯಲಿಲ್ಲ. ಎರಡು ದಿನ ಮೊದಲೇ, 7ರ ಗಾಳಿಯಲ್ಲಿ ಹೊರಟಿದ್ದರೆ ಎಂದು ನಾನೇ ಯೋಚಿಸಿ ಬೆವರಿದೆ. ಟೈಟಾನಿಕ್ ಹಡಗಿನ ತಂಗಿ ಬ್ರಿಟಾನಿಕ್ 1916ರಲ್ಲಿ ಸಿಡಿಗುಂಡು ತಗುಲಿ ಮುಳುಗಿರುವುದು ಇದೇ ಕಾಲುವೆಯಲ್ಲಿ ಎಂಬುದನ್ನು ಅವನು ದಡ ಸೇರಿದ ಮೇಲೆಯೇ ಹೇಳಿದ.

ಕೆಯಾ ದ್ವೀಪದ್ದೂ ನೀರಿನ ಕಥೆಯೇ. ಹಿಂದೆ ಅದಕ್ಕೆ ಜಲಸಮೃದ್ಧ ಎಂಬರ್ಥದ ಹೈಡ್ರೂಸಾ ಎಂಬ ಹೆಸರಿತ್ತಂತೆ. ಒಂದು ಸಿಂಹ ಬಂದು ಜಲಕನ್ಯೆಯರನ್ನು ಓಡಿಸಿತು, ಬರ ಬಂದಿತು. ಬಂಡೆಯಲ್ಲೇ ಕಡೆದ ಪ್ರಾಚೀನ ಸಿಂಹವೊಂದು ಬೆಟ್ಟದ ಮೇಲಿನ ಊರಿನ ಹತ್ತಿರ ಇಂದಿಗೂ ಮಲಗಿದೆ. ಲುಬ್ಧಕ ನಕ್ಷತ್ರದ ಬೇಗೆಯಿಂದ ದ್ವೀಪಗಳೆಲ್ಲ ಬೆಂದಾಗ ಅರಿಸ್ಟಿಯಸ್ ಎಂಬ ವೀರ ಕೆಯಾಕ್ಕೆ ಬಂದು, ತೇವದ ಒಡೆಯನೆಂಬ ಹೆಸರಿನಲ್ಲಿ ಜೀಯಸ್ ದೇವನಿಗೆ ಬಲಿಪೀಠ ಕಟ್ಟಿದ. ಜೀಯಸ್ 40 ದಿನಗಳ ತಂಪುಗಾಳಿಯನ್ನು ಕಳುಹಿಸಿದ. ಅದೇ ಎಟೀಸಿಯನ್ ಗಾಳಿ. ನಮ್ಮ ರೈತರು ಆರಿದ್ರೆ, ಪುನರ್ವಸು, ಪುಷ್ಯ ಎಂದು ಮಳೆಗೆ ನಕ್ಷತ್ರದ ಹೆಸರಿಟ್ಟಂತೆ ಅವರು ಗಾಳಿಯನ್ನು ನಕ್ಷತ್ರಕ್ಕೆ ಗಂಟುಹಾಕಿದರು. ವ್ಯತ್ಯಾಸವಿಷ್ಟೇ: ನಾವು ಎಣಿಸುವುದು ಸೂರ್ಯ ನಿಂತ ನಕ್ಷತ್ರವನ್ನು, ಅದು ಕಣ್ಣಿಗೆ ಕಾಣದು, ಅವರು ಕಾಯುತ್ತಿದ್ದುದು ಮುಂಜಾವಿನಲ್ಲಿ ಮತ್ತೆ ಕಾಣಿಸಿಕೊಳ್ಳುವ ನಕ್ಷತ್ರವನ್ನು.

ಈ ಎರಡು ಗಾಳಿಗಳನ್ನೂ ಒಂದೇ ಪ್ರಯಾಣದಲ್ಲಿ ಬಳಸಿದವರಿದ್ದಾರೆ. ಕ್ರಿಸ್ತಶಕ 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಲೆಕ್ಕ ಬರೆದಿಟ್ಟಿದ್ದಾನೆ. ಅಲೆಕ್ಸಾಂಡ್ರಿಯದಿಂದ ಎಟೀಸಿಯನ್ ಗಾಳಿಯ ಬೆಂಬಲದಿಂದ ನೈಲ್ ನದಿಯಲ್ಲಿ ಮೇಲಕ್ಕೆ 12 ದಿನ. ಒಂಟೆಯ ಮೇಲೆ ಮರುಭೂಮಿಯಲ್ಲಿ 12 ದಿನ. ಕೆಂಪು ಸಮುದ್ರದಲ್ಲಿ ಸುಮಾರು 30 ದಿನ. ಅಲ್ಲಿಂದ ನಮ್ಮ ನೈಋತ್ಯ ಗಾಳಿ ಹಿಡಿದು ಮಲಬಾರಿನ ಮುಜಿರಿಸ್ ಬಂದರಿಗೆ 40 ದಿನ. ಮೆಣಸು ತುಂಬಿಕೊಂಡು ಮರಳುವುದು ಚಳಿಗಾಲದಲ್ಲಿ, ಗಾಳಿ ಈಶಾನ್ಯಕ್ಕೆ ತಿರುಗಿದ ಮೇಲೆ. ದಾರಿಯಲ್ಲಿ ನಿಟ್ರಿಯಾಸ್ ಎಂಬಲ್ಲಿನ ಕಡಲ್ಗಳ್ಳರ ಬಗ್ಗೆಯೂ ಅವನು ಎಚ್ಚರಿಸುತ್ತಾನೆ. ಅದು ನೇತ್ರಾವತಿಯ ಸೀಮೆ ಇರಬೇಕೆಂದು ಕೆಲವು ವಿದ್ವಾಂಸರ ಊಹೆ.

ಆ ಈಶಾನ್ಯ ಗಾಳಿಯನ್ನು ಇತ್ತೀಚೆಗೆ ಮತ್ತೆ ಹಿಡಿದವರು ನಮ್ಮ ನೌಕಾಪಡೆಯವರು. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಕೌಂಡಿನ್ಯ ಎಂಬ ಹಾಯಿಹಡಗು 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡದ ಚಿತ್ರವಿದೆ. ಅದೇ ವರ್ಷ ಡಿಸೆಂಬರ್ ಕೊನೆಯಲ್ಲಿ ಪೋರಬಂದರಿನಿಂದ ಹೊರಟು ಜನವರಿಯಲ್ಲಿ ಒಮಾನಿನ ಮಸ್ಕತ್ ತಲುಪಿತು. ನಾವು ಕೊಬ್ಬರಿಯನ್ನು ಕಾಪಾಡಿ, ಮಟ್ಟೆಯನ್ನು ಒಲೆಗೆ ಹಾಕುವವರು. ಆ ನಾರು ಉಪ್ಪುನೀರಿನಲ್ಲಿ ಹಡಗನ್ನೇ ಹಿಡಿದಿಡುತ್ತದೆ ಎಂಬುದನ್ನು ನಾನು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾಯಿತು.

ಗ್ರೀಸಿನಿಂದ ಮರಳುವ ಮುನ್ನ ಅಥೆನ್ಸಿನಲ್ಲಿ ಗಾಳಿಗಳ ಗೋಪುರವನ್ನು ನೋಡಿದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಅಮೃತಶಿಲೆಯ ಕಟ್ಟಡ, ಎಂಟು ಮುಖ. ಪ್ರತಿ ಮುಖದ ಮೇಲೆ ಒಂದು ದಿಕ್ಕಿನ ಗಾಳಿ ಹಾರುತ್ತಿದೆ. ಉತ್ತರದ ಬೋರಿಯಾಸ್ ದಪ್ಪ ಮೇಲುವಸ್ತ್ರ ಹೊದ್ದು ಶಂಖ ಹಿಡಿದಿದ್ದಾನೆ. ಕತ್ತೆತ್ತಿ ನೋಡುತ್ತಿದ್ದಂತೆ ಕುತ್ತಿಗೆಯ ನೋವು ಪರಿಚಿತವೆನಿಸಿತು. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ, ನೊಳಂಬರ ಕಾಲದ, 9ನೆಯ ಶತಮಾನದ ಆ ಒಳಮಾಳಿಗೆಯ ಕೆಳಗೆ ಮಲಗಿ ನಾವು ಹುಡುಗರು ಎಣಿಸುತ್ತಿದ್ದೆವು: ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು. ವಾಯುವಿನ ಮೂಲೆ ವಾಯವ್ಯ. ಆಷಾಢದಲ್ಲಿ ಎಡಗೈ ತೋರಿಸುವುದೂ ಆ ಮೂಲೆಯನ್ನೇ. ನೊಳಂಬರ ಶಿಲ್ಪಿಗೆ ವಾಯುಒತ್ತಡ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಅಂಥ ಮಾತು ವಿಜ್ಞಾನವೂ ಅಲ್ಲ, ಶಿಲ್ಪಕ್ಕೆ ಗೌರವವೂ ಅಲ್ಲ. ಆಕಸ್ಮಿಕ. ಆದರೂ ನನಗೆ ಖುಷಿಯಾಯಿತು.

ಮುಂದಿನ ವರ್ಷದ ಆಷಾಢದಲ್ಲಿ ಊರಿಗೆ ಹೋದಾಗ ಗುಡಿಯ ಮುಂದೆ ಗಾಳಿಗೆ ಬೆನ್ನು ಮಾಡಿ, ಎಡಗೈ ಚಾಚಿ ನಿಂತೆ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು, "ಯಾರಿಗಪ್ಪ ದಾರಿ ತೋರಿಸ್ತಾ ಇದೀಯಾ?" ಎಂದು ಕೇಳಿದರು. ಕೆಯಾದ ಕಥೆಯನ್ನೆಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿ, "ಅಲ್ಲಿ ಈಗ ಮಳೆ ಹೆಂಗೆ?" ಎಂದರು. ಬೇಸಿಗೆಯಲ್ಲಿ ಹನಿಯೂ ಬೀಳುವುದಿಲ್ಲ, ಬಂದರೆ ಚಳಿಗಾಲದಲ್ಲೇ ಎಂದೆ. "ತೆಂಗು?" ಇಲ್ಲ ಅಜ್ಜಿ, ಓಕ್ ಎಂಬ ಮರ ಇದೆ ಎಂದೆ. ಅವರು ಸೆರಗನ್ನು ಗಾಳಿಗೆ ಹಾರದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಉದುರಿದ್ದ ಸೋಗೆಯೊಂದನ್ನು ಎಳೆದುಕೊಂಡು ಮನೆಯತ್ತ ನಡೆದರು.